2047ರ ಚಿನ್ನದ ನಾಣ್ಯದ ಮೇಲೆ ರೂಪಾಯಿ ಬೇಡ, ತೂಕ ಬರೆಯಿರಿ

ಮಾನ್ಯ ಸಂಪಾದಕರೇ,

ಮೆಕ್ಸಿಕೊ ದೇಶದ 50 ಪೆಸೊ ಚಿನ್ನದ ನಾಣ್ಯ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪ್ರಪಂಚದ ತುಂಬ ಹರಡಿದೆ. ಅಮೆರಿಕದಲ್ಲಿ ಚಿನ್ನ ಕೊಳ್ಳುವ ನಮ್ಮವರ ಕೈಗೂ ಆಗಾಗ ಸಿಗುತ್ತದೆ. ಅವುಗಳಲ್ಲಿ ಬಹುಪಾಲಿನ ಮೇಲೆ ಅಚ್ಚಾಗಿರುವ ಇಸವಿ 1947. ಅದನ್ನು ನೋಡಿ ನಮ್ಮ ಸ್ವಾತಂತ್ರ್ಯದ ನೆನಪಿನ ನಾಣ್ಯವೇನೋ ಎಂದು ಯಾರೂ ಹಿಗ್ಗಬೇಕಾಗಿಲ್ಲ. ಅದು ಮೆಕ್ಸಿಕೊ ತನ್ನ ಸ್ವಾತಂತ್ರ್ಯದ ನೂರನೇ ವರ್ಷಕ್ಕೆ ಹೊರತಂದ 'ಸೆಂಟೆನಾರಿಯೊ'. ಆದರೂ ಆ ನಾಣ್ಯವನ್ನು ನಾವು ಹತ್ತಿರದಿಂದ ನೋಡಬೇಕು. ನಮ್ಮ ಸ್ವಾತಂತ್ರ್ಯದ ಶತಮಾನೋತ್ಸವ 2047ಕ್ಕೆ ಬರುತ್ತದೆ. ಆಗ ಭಾರತ ಸರ್ಕಾರ ಚಿನ್ನದ ನಾಣ್ಯ ಹೊರತರಲು ಮನಸ್ಸು ಮಾಡಿದರೆ ಅದು ಹೇಗಿರಬೇಕು, ಹೇಗಿರಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ನಾಣ್ಯಗಳನ್ನು ತೂಗಿ, ಒರೆದು, ಪರೀಕ್ಷಿಸಿ ಬಲ್ಲವರ ಪರವಾಗಿ ಈ ಪತ್ರ.

ಮೆಕ್ಸಿಕೊಗೆ ಸ್ವಾತಂತ್ರ್ಯದ ಶತಮಾನೋತ್ಸವ ಎರಡು ಬಾರಿ ಬಂತು. ಪಾದ್ರಿ ಮಿಗೆಲ್ ಇಡಾಲ್ಗೊ ಡೊಲೋರೆಸ್ ಎಂಬ ಊರಿನಲ್ಲಿ ಸ್ಪೇನ್ ಆಳ್ವಿಕೆಯ ವಿರುದ್ಧ ಬಂಡಾಯದ ಕರೆ ಕೊಟ್ಟದ್ದು 1810ರ ಸೆಪ್ಟೆಂಬರ್ 16ರಂದು. ಹೋರಾಟ ಮುಗಿದು ಸ್ವಾತಂತ್ರ್ಯ ಸೇನೆ ಮೆಕ್ಸಿಕೊ ನಗರವನ್ನು ಹೊಕ್ಕದ್ದು 1821ರ ಸೆಪ್ಟೆಂಬರ್ 27ರಂದು. ಮೊದಲನೆಯದರ ನೂರು ವರ್ಷಕ್ಕೆ, ಅಂದರೆ 1910ರಲ್ಲಿ, ಅಧ್ಯಕ್ಷ ಪೊರ್ಫೀರಿಯೊ ದಿಯಾಸ್ ರಾಜಧಾನಿಯ ರೆಫೋರ್ಮಾ ರಸ್ತೆಯಲ್ಲಿ ಸ್ವಾತಂತ್ರ್ಯ ಸ್ತಂಭವನ್ನು ಉದ್ಘಾಟಿಸಿದರು. ಅದರ ತುದಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ಚಿನ್ನದ ಬಣ್ಣದ ಮೂರ್ತಿಯಿದೆ. ಜನ ಅದನ್ನು 'ಏಂಜೆಲ್' ಎಂದೇ ಕರೆಯುತ್ತಾರೆ. ನಿಜಕ್ಕೂ ಅದು ದೇವದೂತನಲ್ಲ, ವಿಜಯದೇವತೆ. 1957ರ ಜುಲೈ ಭೂಕಂಪದಲ್ಲಿ ಮೂರ್ತಿ ಕೆಳಗುರುಳಿ ಚೂರಾಯಿತು, ಮರುವರ್ಷ ಮತ್ತೆ ನಿಲ್ಲಿಸಿದರು. ಎರಡನೆಯ ಶತಮಾನೋತ್ಸವ 1921ರದು. ಆಗ ಅಧ್ಯಕ್ಷರಾಗಿದ್ದವರು ಆಲ್ವಾರೊ ಒಬ್ರೆಗೊನ್. ಹತ್ತು ವರ್ಷದ ಕ್ರಾಂತಿ, ಒಳಜಗಳಗಳಿಂದ ದೇಶ ಸುಸ್ತಾಗಿತ್ತು, ಕಾಗದದ ನೋಟಿನ ಮೇಲೆ ಜನಕ್ಕೆ ನಂಬಿಕೆಯೇ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಬಂದದ್ದು ಈ ನಾಣ್ಯ.

ಅದರ ಲೆಕ್ಕ ಹೀಗಿದೆ. 1905ರ ಕಾನೂನಿನ ಪ್ರಕಾರ ಒಂದು ಪೆಸೊ ಎಂದರೆ 0.75 ಗ್ರಾಂ ಶುದ್ಧ ಚಿನ್ನ. ಐವತ್ತು ಪೆಸೊಗೆ 37.5 ಗ್ರಾಂ. ಬರೀ ಶುದ್ಧ ಚಿನ್ನ ಮೆದು, ಹಾಗಾಗಿ ಹತ್ತರಲ್ಲಿ ಒಂದು ಪಾಲು ತಾಮ್ರ ಸೇರಿಸಿ ಒಟ್ಟು ತೂಕವನ್ನು 41.666 ಗ್ರಾಂಗೆ ತಂದರು. ವ್ಯಾಸ 37 ಮಿಲಿಮೀಟರ್. ನಮ್ಮ ಚಿನ್ನದಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಐದು ಪವನಿಗಿಂತ ಸ್ವಲ್ಪ ಹೆಚ್ಚು ತೂಕದ ಒಂದೇ ಬಿಲ್ಲೆ. ಆ ಕಾಲದ ಅಮೆರಿಕದಲ್ಲಿ ಚಲಾವಣೆಯಲ್ಲಿದ್ದ ಅತಿ ದೊಡ್ಡ ಚಿನ್ನದ ನಾಣ್ಯವಾದ 20 ಡಾಲರ್ ಕೂಡ 33.4 ಗ್ರಾಂ ಮಾತ್ರ. ಅದೇ ಲೆಕ್ಕದಲ್ಲಿ ಚಿಕ್ಕ ತಂಗಿಯರೂ ಇದ್ದರು: 20 ಪೆಸೊ 16.67 ಗ್ರಾಂ, 10 ಪೆಸೊ 8.33 ಗ್ರಾಂ, 5 ಪೆಸೊ 4.17 ಗ್ರಾಂ, ಕೊನೆಗೆ 13 ಮಿಲಿಮೀಟರ್ ಅಗಲದ ಪುಟಾಣಿ 2 ಪೆಸೊ 1.67 ಗ್ರಾಂ. ಯಾವುದನ್ನೇ ಎತ್ತಿಕೊಂಡರೂ ಗುಣಾಕಾರ ತಪ್ಪುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಸರಣಿ ಪ್ರಪಂಚದಲ್ಲಿ ಕಡಿಮೆ.

ಎಮಿಲಿಯೊ ದೆಲ್ ಮೊರಾಲ್ ಮಾಡಿದ ವಿನ್ಯಾಸ ಅದು. ಒಂದು ಮುಖದಲ್ಲಿ ಹಾವನ್ನು ಹಿಡಿದ ಹದ್ದಿನ ರಾಷ್ಟ್ರಲಾಂಛನ. ಇನ್ನೊಂದು ಮುಖದಲ್ಲಿ ಸ್ತಂಭದ ಮೇಲಿನ ಅದೇ ವಿಜಯದೇವತೆ: ಒಂದು ಕೈಯಲ್ಲಿ ಲಾರೆಲ್ ಎಲೆಯ ಮಾಲೆ, ಇನ್ನೊಂದರಲ್ಲಿ ಕಡಿದುಬಿದ್ದ ಸರಪಳಿ, ಹಿನ್ನೆಲೆಯಲ್ಲಿ ಪೊಪೊಕಟೆಪೆಟ್ಲ್ ಮತ್ತು ಇಸ್ತಾಕ್ಸಿವಾಟ್ಲ್ ಜ್ವಾಲಾಮುಖಿಗಳು. ಎಡಕ್ಕೆ '50 ಪೆಸೊ', ಬಲಕ್ಕೆ '37.5 ಗ್ರಾಂ ಶುದ್ಧ ಚಿನ್ನ' ಎಂಬ ಬರಹ. ಕೆಳಗೆ ಒಂದು ಬದಿಗೆ 1821, ಇನ್ನೊಂದು ಬದಿಗೆ ನಾಣ್ಯದ ಇಸವಿ. ಅಂಚಿನ ಸುತ್ತ 'ಸ್ವಾತಂತ್ರ್ಯ ಮತ್ತು ವಿಮೋಚನೆ' ಎಂಬರ್ಥದ ಸ್ಪ್ಯಾನಿಷ್ ಅಕ್ಷರಗಳು. ಮೊದಲ ಬಾರಿ ನೋಡುವವರು 1821 ಕಂಡು ಇನ್ನೂರು ವರ್ಷದ ನಾಣ್ಯ ಸಿಕ್ಕಿತೆಂದುಕೊಳ್ಳುವುದುಂಟು. ಅದು ಸ್ವಾತಂತ್ರ್ಯದ ವರ್ಷವಷ್ಟೇ, ಅಚ್ಚಾದ ವರ್ಷವಲ್ಲ.

ಈ ನಾಣ್ಯ ಮೊದಲು 1921ರಿಂದ 1931ರವರೆಗೆ ಬಂತು. 1931ರ ಜುಲೈಯಲ್ಲಿ ಮೆಕ್ಸಿಕೊ ಚಿನ್ನವನ್ನು ಚಲಾವಣೆಯಿಂದ ತೆಗೆದುಹಾಕಿತು, ಟಂಕಸಾಲೆಯಲ್ಲಿ ಸೆಂಟೆನಾರಿಯೊ ನಿಂತಿತು. ಆದರೆ ಜನರಿಗೆ ಚಿನ್ನ ಬೇಕಿತ್ತು. 1943ರಲ್ಲಿ ಮತ್ತೆ ಶುರುವಾದಾಗ ಟಂಕಸಾಲೆ ಮಾಡಿದ ಬದಲಾವಣೆಯನ್ನು ಗಮನಿಸಬೇಕು. ಆ ವರ್ಷದ ನಾಣ್ಯದಲ್ಲಿ '50 ಪೆಸೊ' ಎಂಬ ಮಾತೇ ಇಲ್ಲ. ಎಡಕ್ಕೂ ಬಲಕ್ಕೂ '37.5 ಗ್ರಾಂ ಶುದ್ಧ ಚಿನ್ನ' ಎಂದೇ ಬರೆದಿದೆ. ಯಾಕೆ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಆಗ ಒಂದು ಡಾಲರಿಗೆ 4.85 ಪೆಸೊ, ಒಂದು ಔನ್ಸ್ (31.1 ಗ್ರಾಂ) ಚಿನ್ನಕ್ಕೆ 35 ಡಾಲರ್. ನಾಣ್ಯದಲ್ಲಿರುವುದು 1.2057 ಔನ್ಸ್. ಅಂದರೆ ಚಿನ್ನದ ಬೆಲೆಯೇ ಇನ್ನೂರು ಪೆಸೊ ದಾಟಿತ್ತು. ಇನ್ನೂರು ಪೆಸೊ ಬಾಳುವ ವಸ್ತುವಿನ ಮೇಲೆ ಐವತ್ತು ಎಂದು ಅಚ್ಚೊತ್ತುವುದು ಸುಳ್ಳು ಹೇಳಿದ ಹಾಗೆ. ಮರುವರ್ಷ, ಹಳೆಯ ಮೋಹಕ್ಕೋ ಏನೋ, '50 ಪೆಸೊ' ಮತ್ತೆ ಬಂತು. 1947ರವರೆಗೆ ಇಸವಿ ಬದಲಾಯಿಸಿ ಹೊಡೆದರು. 1949ರಿಂದ ಮುಂದೆ ಇಸವಿ ಬದಲಾಯಿಸುವುದನ್ನೂ ಬಿಟ್ಟು, 1947 ಎಂಬ ಅಚ್ಚಿನಲ್ಲೇ ಲಕ್ಷಾಂತರ ನಾಣ್ಯ ತೆಗೆದರು. ಆದ್ದರಿಂದ 1947ರ ಸೆಂಟೆನಾರಿಯೊಗೆ ಚಿನ್ನದ ಬೆಲೆಗಿಂತ ಹೆಚ್ಚು ಕೊಡುವುದು ದಡ್ಡತನ. ಸಂಗ್ರಾಹಕರು ಹುಡುಕುವುದು 1921 ಮತ್ತು 1931ರವನ್ನು. ರೂಪ ಬೇರೆಯೆಂಬ ಕಾರಣಕ್ಕೆ 1943ರದ್ದಕ್ಕೂ ಗಿರಾಕಿಗಳಿದ್ದಾರೆ.

ಆ 50 ಪೆಸೊ ಈಗ ಏನು? 1993ರಲ್ಲಿ ಮೆಕ್ಸಿಕೊ ಸಾವಿರ ಹಳೆ ಪೆಸೊಗೆ ಒಂದು ಹೊಸ ಪೆಸೊ ಎಂದು ಸೊನ್ನೆ ಕತ್ತರಿಸಿತು. ಮುಖಬೆಲೆಯ ಲೆಕ್ಕಕ್ಕೆ ಹೋದರೆ ಆ ಚಿನ್ನದ ನಾಣ್ಯಕ್ಕೆ ಒಂದು ಹೊಸ ಪೆಸೊದ ಇಪ್ಪತ್ತರಲ್ಲೊಂದು ಪಾಲಷ್ಟೇ ಬೆಲೆ ಉಳಿದಿದೆ. ಎದುರು ಬದಿಯ 37.5 ಗ್ರಾಂ ಮಾತ್ರ ಹಾಗೇ ಇದೆ. ಮೆಕ್ಸಿಕೊ ಇದರಿಂದ ಕಲಿಯಿತು. 1981ರಿಂದ ಬಂದ 'ಲಿಬೆರ್ತಾದ್' ಚಿನ್ನದ ನಾಣ್ಯದ ಮೇಲೆ ಅದೇ ವಿಜಯದೇವತೆಯಿದ್ದಾಳೆ, ಮುಖಬೆಲೆ ಇಲ್ಲ. ತೂಕ ಮತ್ತು ಪರಿಶುದ್ಧತೆ ಮಾತ್ರ.

ನಮ್ಮ ಮೊದಲ ಒತ್ತಾಯವೂ ಇದೇ: 2047ರ ಚಿನ್ನದ ನಾಣ್ಯಕ್ಕೆ ರೂಪಾಯಿಯ ಮುಖಬೆಲೆ ಬೇಡ. ಇದು ಬರೀ ಅಂದಚಂದದ ಮಾತಲ್ಲ, ಕಾನೂನಿನ ತೊಡಕು ಇದರಲ್ಲಿದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಸರ್ಕಾರ ಹೊರತರುವ ನಾಣ್ಯದ ಮುಖಬೆಲೆ ಸಾವಿರ ರೂಪಾಯಿ ಮೀರುವಂತಿಲ್ಲ. ಎಂಟು ಗ್ರಾಂ ಚಿನ್ನದ ಮೇಲೆ ಸಾವಿರ ರೂಪಾಯಿ ಎಂದು ಬರೆದರೆ 1944ರ ಮೆಕ್ಸಿಕೊಗಿಂತ ದೊಡ್ಡ ನಗೆಪಾಟಲಾಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು. ಅದೇ ಕಾಯ್ದೆಯಲ್ಲಿ ಸರ್ಕಾರದ ನಾಣ್ಯವನ್ನು ಕರಗಿಸುವುದು, ನಾಶಮಾಡುವುದು ಅಪರಾಧ. ಜೈಲು ಶಿಕ್ಷೆಯೂ ಇದೆ. ಚಿಲ್ಲರೆ ನಾಣ್ಯ ಕರಗಿಸಿ ಲೋಹ ಮಾರುವ ದಂಧೆ ತಡೆಯಲು ಆ ನಿಯಮ ಸರಿಯೇ. ಆದರೆ ನಮ್ಮ ಮನೆಗಳಲ್ಲಿ ಚಿನ್ನದ ನಾಣ್ಯ ಕೊಳ್ಳುವುದೇ ಮಗಳ ಮದುವೆಗೆ ಕರಗಿಸಿ ಒಡವೆ ಮಾಡಿಸಲು. ಮುಖಬೆಲೆಯುಳ್ಳ ಚಿನ್ನದ ನಾಣ್ಯ ತಂದು ಅದನ್ನು ಈ ಕಾಯ್ದೆಯಡಿಯೇ ಇಟ್ಟರೆ, ಅಕ್ಕಸಾಲಿಗನ ಕೈಗೆ ಕೊಟ್ಟ ಗೃಹಿಣಿ ಮತ್ತು ಕರಗಿಸಿದ ಅಕ್ಕಸಾಲಿಗ ಇಬ್ಬರೂ ತಪ್ಪಿತಸ್ಥರಾಗುತ್ತಾರೆ. ಇಂಥದ್ದನ್ನು ನಾಣ್ಯ ಬಿಡುಗಡೆಯಾದ ಮೇಲೆ ಯೋಚಿಸುವ ಅಭ್ಯಾಸ ನಮ್ಮಲ್ಲಿದೆ, ಮೊದಲೇ ಯೋಚಿಸಲಿ.

2015ರ ನವೆಂಬರ್‌ನಲ್ಲಿ ಬಿಡುಗಡೆಯಾದ 'ಇಂಡಿಯನ್ ಗೋಲ್ಡ್ ಕಾಯಿನ್' ಈ ತೊಡಕಿಗೆ ಸಿಕ್ಕಿಕೊಳ್ಳಲಿಲ್ಲ. ಅಶೋಕ ಚಕ್ರ ಒಂದು ಕಡೆ, ಗಾಂಧೀಜಿ ಇನ್ನೊಂದು ಕಡೆ. 5 ಮತ್ತು 10 ಗ್ರಾಂ ನಾಣ್ಯ, 20 ಗ್ರಾಂ ಬಿಸ್ಕತ್ತು. ಮುಖಬೆಲೆ ಇಲ್ಲ. ಅಲ್ಲಿಯವರೆಗೆ ಸರಿ. ಆದರೆ ಅದು 24 ಕ್ಯಾರೆಟ್, 999 ಪರಿಶುದ್ಧತೆ, ಅಂದರೆ ಸಾವಿರದಲ್ಲಿ 999 ಪಾಲು ಚಿನ್ನ. ನಮ್ಮ ಜನಕ್ಕೆ 24 ಎಂಬ ಅಂಕಿಯ ಮೇಲೆ ಅಷ್ಟು ಮೋಹ ಎಂಬುದು ಗೊತ್ತು. ಪ್ಲಾಸ್ಟಿಕ್ ಕವಚದೊಳಗೆ ಇರುವಷ್ಟು ದಿನ ಅದು ಚೆನ್ನ. ಹೊರಗೆ ತೆಗೆದು ಕೈಗೆ ಕೈ ದಾಟಿಸಿದರೆ ಸುಲಭವಾಗಿ ಗೀರು ಬೀಳುವಷ್ಟು ಮೆದು. ಕವಚ ಒಡೆದಿದ್ದರೆ ವಾಪಸು ಕೊಳ್ಳುವವನು ಮುಖ ಸಿಂಡರಿಸುತ್ತಾನೆ, ಮತ್ತೆ ಪರೀಕ್ಷೆ ಎನ್ನುತ್ತಾನೆ. ಕೈಯಲ್ಲಿ ಹಿಡಿಯಲಾಗದ, ಪೆಟ್ಟಿಗೆಯಿಂದ ತೆಗೆಯಲಾಗದ ನಾಣ್ಯ ನಾಣ್ಯವೇ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಬ್ರಿಟಿಷರ ಸವರನ್ 22 ಕ್ಯಾರೆಟ್, 7.988 ಗ್ರಾಂ. ಮೊದಲ ಮಹಾಯುದ್ಧದ ಹೊತ್ತಿಗೆ, 1918ರಲ್ಲಿ, ಮುಂಬಯಿಯಲ್ಲೇ ಸುಮಾರು 13 ಲಕ್ಷ ಸವರನ್ ಅಚ್ಚಾದವು. ಅವುಗಳ ಮೇಲೆ ಇಂಡಿಯಾ ಎಂಬುದರ ಗುರುತಾಗಿ ಪುಟ್ಟ 'ಐ' ಅಕ್ಷರವಿದೆ. ಇಂಗ್ಲೆಂಡಿನಿಂದ ಅಚ್ಚು ಬರುವುದು ತಡವಾಯಿತೆಂದು ಅದೇ ತೂಕದ 15 ರೂಪಾಯಿಯ ಚಿನ್ನದ ಮೊಹರನ್ನೂ ಹೊಡೆದರು. ಆ ಸವರನ್‌ಗಳು ನೂರು ವರ್ಷ ಕಳೆದರೂ ಕಾಸಿನ ಸರಗಳಲ್ಲಿ ರಾಜನ ಮುಖ ಮಾಸದೆ ಉಳಿದಿರುವುದಕ್ಕೆ ಆ ಹನ್ನೆರಡರಲ್ಲೊಂದು ಪಾಲು ತಾಮ್ರವೇ ಕಾರಣ.

ಹಾಗಾಗಿ 2047ರದ್ದು 22 ಕ್ಯಾರೆಟ್ ಇರಲಿ, ತೂಕ ಬರೆಯುವಾಗ ಮೆಕ್ಸಿಕೊದಂತೆ ಒಳಗಿರುವ ಶುದ್ಧ ಚಿನ್ನದ ತೂಕವನ್ನೇ ಬರೆಯಲಿ. 8 ಗ್ರಾಂ ಶುದ್ಧ ಚಿನ್ನಕ್ಕೆ ಒಟ್ಟು ತೂಕ 8.727 ಗ್ರಾಂ ಆಗುತ್ತದೆ, 4ಕ್ಕೆ 4.364, 2ಕ್ಕೆ 2.182. ಅದಕ್ಕಿಂತ ಚಿಕ್ಕದು ಬೇಡ. ಒಂದು ಗ್ರಾಮಿನ ಬಿಲ್ಲೆಯ ಮೇಲೆ ದೇಶದ ಹೆಸರು, ಇಸವಿ, ತೂಕ, ಪರಿಶುದ್ಧತೆ ಇಷ್ಟನ್ನೂ ಬರೆದರೆ ಭೂತಗನ್ನಡಿಯೇ ಬೇಕು. ಮೆಕ್ಸಿಕೊದ 2 ಪೆಸೊದಲ್ಲಿ ಒಂದೂವರೆ ಗ್ರಾಂ ಶುದ್ಧ ಚಿನ್ನವಿದ್ದೂ ಅಕ್ಷರ ಇಕ್ಕಟ್ಟಾಗಿ ಕೂತಿದೆ. 900 ಬದಲು 916 ಯಾಕೆಂದರೆ, ನಮ್ಮ ಹಾಲ್‌ಮಾರ್ಕ್ ಪದ್ಧತಿಯಲ್ಲಿ 22 ಕ್ಯಾರೆಟ್ ಎಂಬ ಮೆಟ್ಟಿಲು ಇದೆ. ಸೆಂಟೆನಾರಿಯೊದ 900 ಎಂದರೆ 21.6 ಕ್ಯಾರೆಟ್, ಅದು ನಮ್ಮ ಯಾವ ಮೆಟ್ಟಿಲಿಗೂ ಕೂರುವುದಿಲ್ಲ.

ಕೂರದಿದ್ದರೆ ಏನಾಗುತ್ತದೆ ಎಂಬುದು ವಿದೇಶದಿಂದ ಈ ನಾಣ್ಯ ತಂದವರಿಗೆ ಗೊತ್ತಾಗಬೇಕು. ಅಂಗಡಿಯಲ್ಲಿ ತಕ್ಕಡಿಗೆ ಹಾಕಿದರೆ 41.67 ತೋರಿಸುತ್ತದೆ, ನಾಣ್ಯದ ಮೇಲೆ 37.5 ಎಂದಿದೆ. ತೂಕ ಹೊಂದಲಿಲ್ಲ, ನಕಲಿ ಎಂದು ತಳ್ಳಿಹಾಕುವುದು ಒಂದು ತಪ್ಪು. ಎರಡನೆಯದು ಇನ್ನೂ ದುಬಾರಿ: ಮೇಲೆ ಬರೆದ 37.5ನ್ನೇ ಒಟ್ಟು ತೂಕವೆಂದು ಹಿಡಿದು, ಪರಿಶುದ್ಧತೆ 900 ಎಂದು ಮತ್ತೊಮ್ಮೆ ಹತ್ತನೇ ಒಂದು ಪಾಲು ಕಳೆಯುವುದು. ಆಗ 33.75 ಗ್ರಾಂಗೆ ದುಡ್ಡು ಸಿಗುತ್ತದೆ, ಮೂರೂ ಮುಕ್ಕಾಲು ಗ್ರಾಂ ಚಿನ್ನ ಗಾಳಿಗೆ. ಮೂರನೆಯದು, 22ಕ್ಕೆ ಬರುವುದಿಲ್ಲ, 20ಕ್ಕೆ ಹಾಕುತ್ತೇನೆ ಎನ್ನುವುದು. ಒಪ್ಪಬೇಡಿ. 41.67 ತೂಗಿದರೆ 24 ಕ್ಯಾರೆಟ್ ದರದಲ್ಲಿ 37.5 ಗ್ರಾಂಗೆ ಲೆಕ್ಕ ಹಾಕಿ ಎಂದು ಸ್ಪಷ್ಟವಾಗಿ ಹೇಳಿ. ತರುವಾಗಿನ ಮಾತೂ ಇಲ್ಲೇ ಹೇಳಿಬಿಡಬೇಕು: ವಿಮಾನ ನಿಲ್ದಾಣದಲ್ಲಿ ಸುಂಕರಹಿತ ಮಿತಿ ಇರುವುದು ಆಭರಣಕ್ಕೆ, ನಾಣ್ಯಕ್ಕಲ್ಲ. ಒಂದೇ ಇದ್ದರೂ ರಸೀದಿಯೊಂದಿಗೆ ಘೋಷಿಸಿ ಸುಂಕ ಕಟ್ಟಬೇಕು.

ನಕಲಿ ಇಲ್ಲವೆಂದಲ್ಲ, ಧಾರಾಳವಾಗಿ ಇವೆ. ಇಷ್ಟು ದೊಡ್ಡ, ಇಷ್ಟು ಹೆಸರಾದ ನಾಣ್ಯಕ್ಕೆ ನಕಲು ಹುಟ್ಟದೆ ಇರುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆ ನೀರಿನದು. 0.01 ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಒಣಗಿದ್ದಂತೆಯೇ ತೂಗಿ, 41.6ರಿಂದ 41.7ರೊಳಗೆ ಇರಬೇಕು. ಆಮೇಲೆ ಕುದಿಸಿ ಆರಿಸಿದ ನೀರನ್ನು ಲೋಟದಲ್ಲಿ ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಸಪೂರ ನೈಲಾನ್ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ತಕ್ಕಡಿ ತೋರಿಸುವ ಅಂಕಿಯೇ ನಾಣ್ಯದ ಗಾತ್ರ, ಮಿಲಿಲೀಟರಿನಲ್ಲಿ. ಅಸಲಿಗೆ ಅದು 2.42ರ ಆಸುಪಾಸು ಬರಬೇಕು, ಏಕೆಂದರೆ ಈ ಮಿಶ್ರಲೋಹದ ಸಾಂದ್ರತೆ ಸುಮಾರು 17.2. ಅದೇ ತೂಕದ ಹಿತ್ತಾಳೆಯಾದರೆ 4.9ರ ಹತ್ತಿರ, ಚಿನ್ನದ ನೀರು ಕುಡಿಸಿದ ಬೆಳ್ಳಿಯಾದರೆ 4ರ ಹತ್ತಿರ, ಸೀಸವಾದರೆ 3.7. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ರೆಕ್ಕೆಯ ಗೆರೆಗಳ ಸಂದಿಯಲ್ಲಿ ಗಾಳಿಗುಳ್ಳೆ ನಿಲ್ಲುವುದಿಲ್ಲ. ಗುಳ್ಳೆ ನಿಂತರೆ ಅಂಕಿ ಏರಿ ಅಸಲಿಯೂ ನಕಲಿಯಂತೆ ಕಾಣುತ್ತದೆ. ಬೆರಳು ಲೋಟಕ್ಕೆ ತಾಗಿದರೂ ಪರೀಕ್ಷೆ ಕೆಟ್ಟಿತು.

ನೀರಿನ ಪರೀಕ್ಷೆಯಲ್ಲಿ ಗೆದ್ದುಬರುವ ಕಳ್ಳ ಒಬ್ಬನಿದ್ದಾನೆ, ಟಂಗ್‌ಸ್ಟನ್. ಅದರ ಸಾಂದ್ರತೆ 19.3, ಶುದ್ಧ ಚಿನ್ನದ್ದೂ ಹೆಚ್ಚುಕಡಿಮೆ ಅಷ್ಟೇ. 24 ಕ್ಯಾರೆಟ್ ಬಿಸ್ಕತ್ತಿನೊಳಗೆ ಟಂಗ್‌ಸ್ಟನ್ ತುಂಬಿದರೆ ತಕ್ಕಡಿಗೂ ನೀರಿಗೂ ಗೊತ್ತಾಗುವುದಿಲ್ಲ. ಸೆಂಟೆನಾರಿಯೊದಲ್ಲಿ ಬರೀ ಟಂಗ್‌ಸ್ಟನ್ ತಿರುಳಿಟ್ಟರೆ ಅಂಕಿ 2.42ಕ್ಕಿಂತ ಕೆಳಗಿಳಿದು ಸಿಕ್ಕಿಬೀಳುತ್ತದೆ, ಹಗುರ ಲೋಹದೊಂದಿಗೆ ಹದವಾಗಿ ಬೆರೆಸಿದರೆ ಮಾತ್ರ ತಪ್ಪಿಸಿಕೊಳ್ಳಬಹುದು. ಅಂಗಡಿಗಳಲ್ಲಿರುವ ಕ್ಯಾರೆಟ್ ಮೀಟರನ್ನು ಜನ ಕಣ್ಣುಮುಚ್ಚಿ ನಂಬುತ್ತಾರೆ. ಆ ಎಕ್ಸ್‌ರೇ ಯಂತ್ರ ಓದುವುದು ಮೇಲ್ಮೈಯ ಕೆಲವೇ ಮೈಕ್ರಾನ್ ಆಳವನ್ನು. ಅದರಾಚೆ ಏನಿದೆಯೆಂದು ಅದಕ್ಕೆ ತಿಳಿಯದು, ದಪ್ಪ ಲೇಪನವಿದ್ದರೆ ಸರಾಗವಾಗಿ 900 ಎಂದು ತೋರಿಸುತ್ತದೆ. ಅನುಮಾನವಿದ್ದರೆ ವಿದ್ಯುತ್ ವಾಹಕತೆ ಅಥವಾ ಅಲ್ಟ್ರಾಸೌಂಡ್ ಪರೀಕ್ಷೆಯೇ ಸರಿ. ಕಣ್ಣಿನ ಪರೀಕ್ಷೆಗೆ ಹತ್ತು ಪಟ್ಟು ದೊಡ್ಡದಾಗಿಸುವ ಮಸೂರ ಸಾಕು. ಸರಪಳಿಯ ಕೊಂಡಿಗಳು, ರೆಕ್ಕೆಯ ಗರಿಗಳು, ಅಕ್ಷರಗಳ ಬುಡ ಇಷ್ಟನ್ನು ನೋಡಿ. ಒತ್ತಿ ಹೊಡೆದ ನಾಣ್ಯದಲ್ಲಿ ಅಕ್ಷರದ ಗೋಡೆ ನೆಟ್ಟಗೆ ಏಳುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅದು ಸೋಪು ಕರಗಿದ ಹಾಗೆ ದುಂಡಗಾಗಿರುತ್ತದೆ, ಮೈಮೇಲೆ ಸಣ್ಣ ಗುಂಡಿಗಳಿರುತ್ತವೆ, ಅಂಚಿನಲ್ಲಿ ಅಕ್ಷರಗಳ ನಡುವೆ ಕೂಡುಗೆರೆ ಹಾದುಹೋಗಿರುತ್ತದೆ. ಕೆಂಪು ಮಚ್ಚೆ ಕಂಡರೆ ಹೆದರಬೇಕಿಲ್ಲ. ಮಿಶ್ರಣದಲ್ಲಿ ಸರಿಯಾಗಿ ಬೆರೆಯದೆ ಉಳಿದ ತಾಮ್ರದ ಕಣ ಅದು, ಹುಣಸೆಹಣ್ಣಿನಿಂದ ತಿಕ್ಕಿ ಹೊಳಪಿಸಲು ಹೋಗಿ ನಾಣ್ಯ ಕೆಡಿಸಬೇಡಿ. ಕೊಂಡಿ ಬೆಸೆದು ಪದಕ ಮಾಡಿ, ಆಮೇಲೆ ಕಿತ್ತ ನಾಣ್ಯಗಳೂ ಮಾರುಕಟ್ಟೆಯಲ್ಲಿವೆ. ಅಂಚಿನ ಅಕ್ಷರ ಒಂದು ಕಡೆ ಅಳಿಸಿಹೋಗಿದ್ದರೆ ಬೆಸುಗೆ ಉಜ್ಜಿದ್ದಾರೆಂದು ತಿಳಿಯಿರಿ.

ಟಂಕಸಾಲೆಯ ಕೆಲಸಕ್ಕೆ ಬರೋಣ. ಚಿನ್ನದ ನಾಣ್ಯದಲ್ಲಿ ಸೋರಿಕೆ ಆಗುವುದು ಕಳ್ಳರಿಂದ ಮಾತ್ರವಲ್ಲ. (ಹಾಗೆಂದು ಕಳ್ಳರನ್ನು ಮರೆಯುವಂತೆಯೂ ಇಲ್ಲ: 2019ರ ಆಗಸ್ಟ್‌ನಲ್ಲಿ ಮೆಕ್ಸಿಕೊ ಟಂಕಸಾಲೆಯ ರೆಫೋರ್ಮಾ ರಸ್ತೆಯ ಮಾರಾಟ ಕಚೇರಿಗೆ ಹಾಡಹಗಲೇ ನುಗ್ಗಿದವರು ಸಾವಿರದ ಐನೂರಕ್ಕೂ ಹೆಚ್ಚು ಸೆಂಟೆನಾರಿಯೊ ಹೊತ್ತೊಯ್ದರು. ತಿಜೋರಿ ತೆರೆದೇ ಇತ್ತಂತೆ.) ಚಿನ್ನ ಮತ್ತು ತಾಮ್ರವನ್ನು ಗ್ರಾಫೈಟ್ ಮೂಸೆಯಲ್ಲಿ ಕರಗಿಸಿ ಚೆನ್ನಾಗಿ ಕಲಕದಿದ್ದರೆ ಮೇಲೆ ಹೇಳಿದ ಮಚ್ಚೆ ಬರುತ್ತದೆ. ಗಟ್ಟಿಯನ್ನು ರೋಲರಿನಲ್ಲಿ ತಟ್ಟಿ ಹಾಳೆ ಮಾಡುವಾಗ ಲೋಹ ಬಿರುಸಾಗುತ್ತದೆ, ನಡುನಡುವೆ ಕಾಯಿಸಿ ಮೆದು ಮಾಡದಿದ್ದರೆ ಅಂಚು ಸೀಳುತ್ತದೆ. ಹಾಳೆಯಿಂದ ಬಿಲ್ಲೆ ಕತ್ತರಿಸುವ ಹಂತವೇ ಎಲ್ಲಕ್ಕಿಂತ ಸೂಕ್ಷ್ಮ. 37 ಮಿಲಿಮೀಟರ್ ಅಗಲದ ಬಿಲ್ಲೆಯಲ್ಲಿ ದಪ್ಪ 0.01 ಮಿಲಿಮೀಟರ್ ಹೆಚ್ಚಾದರೆ ತೂಕ 0.185 ಗ್ರಾಂ ಹೆಚ್ಚುತ್ತದೆ. ಗ್ರಾಂ ಚಿನ್ನಕ್ಕೆ ಲೆಕ್ಕದ ಅನುಕೂಲಕ್ಕೆ ಹತ್ತು ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ಕೂದಲೆಳೆಗಿಂತ ಸಣ್ಣ ವ್ಯತ್ಯಾಸಕ್ಕೆ ಸಾವಿರದ ಆರುನೂರು ರೂಪಾಯಿಗೂ ಹೆಚ್ಚು ಹೋಯಿತು. ಆದ್ದರಿಂದ ಚಿಲ್ಲರೆ ನಾಣ್ಯದಂತೆ ಚೀಲಗಟ್ಟಲೆ ತೂಗಿ ಸರಾಸರಿ ತೆಗೆಯುವ ಹಾಗಿಲ್ಲ, ಒಂದೊಂದು ಬಿಲ್ಲೆಯನ್ನೂ ಪ್ರತ್ಯೇಕವಾಗಿ ತೂಗಬೇಕು. ಭಾರವಾದದ್ದನ್ನು ಅಂಚಿನಲ್ಲಿ ಅರ ಹಾಕಿ ಸರಿಮಾಡಬಹುದು, ಹಗುರವಾದದ್ದು ಮತ್ತೆ ಮೂಸೆಗೇ ಹೋಗಬೇಕು. ಹಾಗಾಗಿ ಅನುಭವಸ್ಥ ಟಂಕಸಾಲೆಗಳು ಬಿಲ್ಲೆಯನ್ನು ಒಂದು ಕೂದಲಷ್ಟು ಭಾರದ ಕಡೆಗೇ ಇಟ್ಟುಕೊಳ್ಳುತ್ತವೆ.

ವಿನ್ಯಾಸಕಾರರು ಮರೆಯುವುದು ಇನ್ನೊಂದು. ಎರಡೂ ಮುಖಗಳ ಎತ್ತರದ ಭಾಗ ಒಂದರ ಬೆನ್ನಿಗೆ ಇನ್ನೊಂದು ಬಂದರೆ ಅಲ್ಲಿಗೆ ಲೋಹ ಸಾಲದೆ ಚಿತ್ರ ಮಬ್ಬಾಗುತ್ತದೆ. ಹಾಗೆಂದು ಉಬ್ಬನ್ನು ತೀರಾ ತಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ತನ್ನ ಸ್ವಾತಂತ್ರ್ಯದ 150ನೇ ವರ್ಷಕ್ಕೆ 1926ರಲ್ಲಿ ಅಮೆರಿಕ ಎರಡೂವರೆ ಡಾಲರಿನ ಚಿನ್ನದ ನಾಣ್ಯ ತಂದಿತು: 4.18 ಗ್ರಾಂ, ಒಂದು ಕಡೆ ದೀವಟಿಗೆ ಮತ್ತು ಸ್ವಾತಂತ್ರ್ಯ ಘೋಷಣೆಯ ಸುರುಳಿ ಹಿಡಿದ ಲಿಬರ್ಟಿ ದೇವತೆ, ಇನ್ನೊಂದು ಕಡೆ ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್. ಉಬ್ಬು ಎಷ್ಟು ತಗ್ಗೆಂದರೆ ಹೊಸ ನಾಣ್ಯವೇ ಸವೆದಂತೆ ಕಾಣುತ್ತಿತ್ತು. ಎರಡೂವರೆ ಡಾಲರಿನ ಚಿನ್ನಕ್ಕೆ ನಾಲ್ಕು ಡಾಲರ್ ಬೆಲೆ. ಮಾರಾಟವಾಗಬೇಕಿದ್ದ ಫಿಲಡೆಲ್ಫಿಯಾದ ವಸ್ತುಪ್ರದರ್ಶನಕ್ಕೂ ಜನ ಬರಲಿಲ್ಲ. ಎರಡು ಲಕ್ಷ ಹೊಡೆದದ್ದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮತ್ತೆ ಕರಗಿಸಬೇಕಾಯಿತು. ಸೆಂಟೆನಾರಿಯೊ ನೂರು ವರ್ಷ ದಾಟಿಯೂ ಕೈಬದಲಾಗುತ್ತಿದೆ, ಏಕೆಂದರೆ ಅದನ್ನು ಜನ ಕೊಂಡದ್ದು ಚಿನ್ನವೆಂದು, ಮಾರಿದ್ದೂ ಚಿನ್ನವೆಂದು.

ನಮ್ಮ ಸ್ಮರಣಾರ್ಥ ನಾಣ್ಯಗಳು ಸಾಗುತ್ತಿರುವುದು ಅಮೆರಿಕದ ದಾರಿಯಲ್ಲೇ. 1972ರ ರಜತೋತ್ಸವಕ್ಕೆ 10 ರೂಪಾಯಿಯ ಬೆಳ್ಳಿ ನಾಣ್ಯ, 1997ಕ್ಕೆ 50 ರೂಪಾಯಿಯದು. 2023ರಲ್ಲಿ ಹೊಸ ಸಂಸತ್ ಭವನಕ್ಕೆ 75 ರೂಪಾಯಿಯ, 35 ಗ್ರಾಂ ತೂಕದ, ಅರ್ಧ ಬೆಳ್ಳಿ ಉಳಿದದ್ದು ತಾಮ್ರ, ನಿಕ್ಕಲ್, ಸತು. ಮುಖಬೆಲೆ ಒಂದು, ಲೋಹದ ಬೆಲೆ ಇನ್ನೊಂದು, ಮಾರುವ ಬೆಲೆ ಮತ್ತೊಂದು. ಚಂದದ ಪೆಟ್ಟಿಗೆಯಲ್ಲಿಟ್ಟು ಕೊಡುವ ಈ ಪದ್ಧತಿ ಸಂಗ್ರಾಹಕರಿಗೆ ಸಾಕು. ಚಿನ್ನಕ್ಕೆ ಇದೇ ರೀತಿ ಮಾಡಿದರೆ ಸಾಮಾನ್ಯ ಮನೆಯವರು ಕೊಳ್ಳುವುದಿಲ್ಲ. ನಾಣ್ಯದ ಮೇಲೆ ಶೇ 3 ಜಿಎಸ್‌ಟಿ ಈಗಾಗಲೇ ಇದೆ, ಮಾರುವಾಗ ಅದು ವಾಪಸು ಬರುವುದಿಲ್ಲ. ಅದರ ಮೇಲೆ ಮಜೂರಿ, ಪೆಟ್ಟಿಗೆಯ ಖರ್ಚು, 'ಸೀಮಿತ ಆವೃತ್ತಿ' ಎಂಬ ನೆಪ ಎಲ್ಲ ಸೇರಿಸಬಾರದು. ಆ ದಿನದ ಚಿನ್ನದ ದರ, ಜೊತೆಗೆ ಮೊದಲೇ ಪ್ರಕಟಿಸಿದ ಒಂದು ಸಣ್ಣ ಅಚ್ಚುಕೂಲಿ, ಅಷ್ಟೇ ಇರಲಿ. ಬ್ಯಾಂಕುಗಳು ಈಗ ಚಿನ್ನದ ನಾಣ್ಯ ಮಾರುತ್ತವೆ, ವಾಪಸು ಕೊಳ್ಳುವುದಿಲ್ಲ. 2047ರದ್ದನ್ನು ಮಾರಿದ ಕೌಂಟರಿನಲ್ಲೇ, ಕವಚ ಒಡೆದಿದ್ದರೂ, ತೂಕ ನೋಡಿ ಕೊಳ್ಳುವ ವ್ಯವಸ್ಥೆ ಮೊದಲ ದಿನದಿಂದಲೇ ಬೇಕು. 22 ಕ್ಯಾರೆಟ್ ಕೇಳುವುದಕ್ಕೆ ಇದೂ ಒಂದು ಕಾರಣ.

ಚಿತ್ರದ ವಿಷಯದಲ್ಲಿ ನಮ್ಮದು ಚಿಕ್ಕ ಕೋರಿಕೆ. ಯಾವ ನಾಯಕರ ಮುಖವೂ ಬೇಡ. ಮೆಕ್ಸಿಕೊ ತನ್ನ ನಾಣ್ಯದ ಮೇಲೆ ದಿಯಾಸ್‌ನನ್ನೂ ಹಾಕಲಿಲ್ಲ, ಒಬ್ರೆಗೊನ್‌ನನ್ನೂ ಹಾಕಲಿಲ್ಲ, ಕಡಿದ ಸರಪಳಿಯನ್ನು ಹಾಕಿತು. ನಮಗೆ ಚರಕವಿದೆ, ಅದರಿಂದ ಇಳಿದುಬರುವ ಬಾವುಟದ ಬಟ್ಟೆಯಿದೆ. ಆ ಬಟ್ಟೆ ನೇಯುವ ಗರಗ, ಬಾವುಟ ಹೊಲಿಯುವ ಹುಬ್ಬಳ್ಳಿಯ ಬೆಂಗೇರಿ ಎರಡೂ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇವೆ ಎಂಬ ಅಭಿಮಾನವೂ ಇದರಲ್ಲಿ ಸ್ವಲ್ಪ ಬೆರೆತಿದೆ. ಅಂಚಿನ ಮೇಲೆ 'ಸತ್ಯಮೇವ ಜಯತೇ' ಸಾಕು, ಇಪ್ಪತ್ತೆರಡು ಭಾಷೆಗಳಿಗೆ 22 ಮಿಲಿಮೀಟರಿನ ಬಿಲ್ಲೆಯಲ್ಲಿ ಜಾಗವಿಲ್ಲ. ಸ್ವಾತಂತ್ರ್ಯದ ಇಸವಿ 1947 ಒಂದು ಬದಿ, ಅಚ್ಚಾದ ಇಸವಿ ಇನ್ನೊಂದು ಬದಿ ಇರಲಿ. 2047 ಮುಗಿದ ಮೇಲೂ ಹೊಡೆಯುವುದಾದರೆ ಪ್ರತಿ ವರ್ಷ ಇಸವಿ ಬದಲಾಯಿಸಲಿ, ಒಂದೇ ಇಸವಿಯಲ್ಲಿ ದಶಕಗಟ್ಟಲೆ ಅಚ್ಚು ಹಾಕಿದ ಮೆಕ್ಸಿಕೊದ ಆ ಒಂದು ಅಭ್ಯಾಸ ಮಾತ್ರ ನಮಗೆ ಬೇಡ. ಸಾಧ್ಯವಾದರೆ ಮೊದಲ ಕಂತಿಗೆ ರಾಯಚೂರಿನ ಹಟ್ಟಿ ಗಣಿಯ ಚಿನ್ನ ಬಳಸಲಿ.

ಇಷ್ಟಕ್ಕೂ ಮೊದಲು ಆಗಬೇಕಾದ ಕೆಲಸ ದೆಹಲಿಯದು. ಮುಖಬೆಲೆಯಿಲ್ಲದ, ತೂಕ ಮತ್ತು ಪರಿಶುದ್ಧತೆ ನಮೂದಿಸಿದ ಚಿನ್ನದ ತುಂಡನ್ನು ಸರ್ಕಾರವೇ ಹೊರತರಲು 2011ರ ಕಾಯ್ದೆಯಲ್ಲಿ ಒಂದು ಪ್ರತ್ಯೇಕ ಕಲಮು ಸೇರಿಸಬೇಕು. ಅದನ್ನು ಕರಗಿಸುವುದು ಅಪರಾಧವಲ್ಲ ಎಂದು ಅದೇ ಕಲಮಿನಲ್ಲಿ ಬರೆಯಬೇಕು. ನಮ್ಮ ಸಂಸದರು ಈ ಒಂದು ತಿದ್ದುಪಡಿಯನ್ನು ಹಣಕಾಸು ಸಚಿವಾಲಯದ ಮುಂದಿಡಲಿ ಎಂದು ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ.

ಇಂತಿ,
ನಾಣ್ಯಾಸಕ್ತ ಓದುಗರು, ಧಾರವಾಡ